ಹಳಹಳಿ ಯಂತ್ರ

ಅಣ್ಣನಿಗೆ ಎಪ್ಪತ್ತೊಂಬತ್ತು ಬಂತು, ನನಗೆ ಹದಿನಾಲ್ಕು. ಯಂತ್ರ ಒಂದೇ, ಪ್ರಶ್ನೆ ಒಂದೇ, ಅವ್ವನೂ ಒಬ್ಬಳೇ. ಅವ್ವನಿಗೆ ಎದೆಯ ಆಪರೇಷನ್ ಮಾಡಿಸಿದರೆ ಮುಂದೆ ಎಷ್ಟು ಹಳಹಳಿಯಾಗುತ್ತದೆ, ಎಷ್ಟು ಪರಿತಪಿಸುತ್ತೇವೆ ಎಂದು ನಾವಿಬ್ಬರೂ ಒಬ್ಬರ ಹಿಂದೊಬ್ಬರು ಕೂತು ಕೇಳಿದ್ದೆವು. ಅಣ್ಣನ ಅಂಕಿಯ ಪ್ರಕಾರ ಮಾಡಿಸಲೇಬಾರದು, ನನ್ನ ಅಂಕಿಯ ಪ್ರಕಾರ ಮಾಡಿಸದೆ ಇರಲೇಬಾರದು. ಆ ಯಂತ್ರ ಕಟ್ಟಿದ ತಂಡದಲ್ಲಿ ನಾನೂ ಒಬ್ಬಳಾದ್ದರಿಂದ ಅಣ್ಣ ನನ್ನ ಮುಖ ನೋಡಿದ. ನಾನು ಪರದೆಯ ಮುಖ ನೋಡಿದೆ.

"ಕಸ್ತೂರಿ, ನಿನ್ನ ಮಿಷನ್ ಕೆಟ್ಟೈತಿ," ಅಂದ.

"ಕೆಟ್ಟಿಲ್ಲಣ್ಣ."

"ಮತ್ತ ಇದೇನಿದು?"

ಗೊತ್ತಿದ್ದರೆ ತಾನೆ ನಾನು ಹೇಳುವುದು! ಅಪ್ಪ ತೀರಿಕೊಂಡಿದ್ದರಿಂದ ನಾವಿಬ್ಬರೇ ಸೋಮವಾರದೊಳಗೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೌದೋ ಅಲ್ಲವೋ ತಿಳಿಸಬೇಕಿತ್ತು. ಅವ್ವನ ಹೃದಯದ ಒಂದು ಕವಾಟ ಗಡಸಾಗಿ ಅರ್ಧಂಬರ್ಧ ತೆರೆಯುತ್ತಿತ್ತು. ಕಾಲಿನ ರಕ್ತನಾಳದಿಂದ ಕೊಳವೆ ತೂರಿಸಿ ಹೊಸ ಕವಾಟ ಕೂರಿಸುವ ಸುಲಭದ ದಾರಿ ಅವಳಿಗೆ ಆಗಿಬರುವುದಿಲ್ಲ, ಎದೆಯನ್ನೇ ತೆರೆಯಬೇಕು ಎಂದಿದ್ದರು ಡಾಕ್ಟರು. ತೆರೆದು ಚೆನ್ನಾಗಿ ಆದರೆ ಬಹಳ ವರ್ಷ ಆರಾಮಾಗಿ ಇರುತ್ತಾಳೆ. ಆದರೆ ಅವಳ ವಯಸ್ಸಿಗೆ, ಅವಳ ಸಕ್ಕರೆ ಕಾಯಿಲೆಗೆ, ಆಪರೇಷನ್ ಟೇಬಲ್ ಮೇಲೆಯೇ ಹೋಗಿಬಿಡುವ ಭಯವೂ ಸಣ್ಣದಲ್ಲ. ಏನೂ ಮಾಡದಿದ್ದರೆ ಒಂದೆರಡು ವರ್ಷ. ಅದರಲ್ಲೂ ಕೊನೆಯ ಭಾಗ ಚೆನ್ನಾಗಿರುವುದಿಲ್ಲ.

ಯಂತ್ರದ ಬಗ್ಗೆ ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಬೇಕು. ಮುಂದೆ ಏನಾಗುತ್ತದೆ ಎಂದು ಹೇಳುವ ಯಂತ್ರ ಇದಲ್ಲ. ಹಾಗೆ ತಿಳಿದುಕೊಂಡು, ಕಳೆದುಹೋದ ಎಮ್ಮೆ ಯಾವ ದಿಕ್ಕಿಗೆ ಹೋಗಿದೆ ಎಂದು ಕೇಳಲು ಬಂದವರೂ ಇದ್ದರು. ಇದು ಅಳೆಯುವುದು ಕೇಳುವವರ ತಲೆಯೊಳಗಿನ ಸಂಗತಿಯನ್ನು. ಯಾವುದೇ ದಾರಿ ಹಿಡಿಯುವ ಮೊದಲು, ಅದು ಕೆಟ್ಟರೆ ನಾವು ಎಷ್ಟು ಕೊರಗುತ್ತೇವೆ ಎಂಬುದನ್ನು ಮೆದುಳು ಕಣ್ಣು ಮಿಟುಕಿಸುವಷ್ಟರಲ್ಲಿ ಆಡಿ ನೋಡಿ ಮುಗಿಸಿಬಿಡುತ್ತದೆ. ನಮಗೇ ಅದು ತಿಳಿಯುವುದಿಲ್ಲ. ಹಣೆಗೆ ಬಿಗಿದ ಟೊಪ್ಪಿಗೆಯಿಂದ ಕಣ್ಣಿಗೆ ಕಾಣದ ಬೆಳಕು ಹಾಯಿಸಿ, ಹುಬ್ಬುಗಳ ಹಿಂದೆ ರಕ್ತ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಹಿಡಿದರೆ ಆ ಕೊರಗು ಎಷ್ಟೆಂದು ಸಿಕ್ಕಿಬಿಡುತ್ತದೆ. ಸೊನ್ನೆಯಿಂದ ನೂರರವರೆಗೆ ಅಂಕಿ. ಕಡಿಮೆ ಅಂಕಿ ಬಂದ ದಾರಿ ಹಿಡಿಯುವುದು, ಅಷ್ಟೆ.

ಗದಗಿನಲ್ಲಿ ನಮ್ಮ ಕೇಂದ್ರದ ಉದ್ಘಾಟನೆಯ ದಿನ ಇದಕ್ಕೆ 'ಪೂರ್ವವಿಷಾದ ಮಾಪಕ' ಎಂದು ಹೆಸರಿಟ್ಟೆವು. ಆ ಹೆಸರು ಸಂಜೆಯವರೆಗೂ ಬಾಳಲಿಲ್ಲ. ಗದಗಿನ ಜನ ಹಳಹಳಿ ಮಿಷನ್ ಅಂದರು, ನಾವೂ ಹಾಗೇ ಅನ್ನತೊಡಗಿದೆವು. ಊರು ಅದನ್ನು ಎಷ್ಟು ಬೇಗ ಹಚ್ಚಿಕೊಂಡಿತೆಂದರೆ ನಮಗೇ ಗಾಬರಿಯಾಯಿತು. ಮುದ್ರಣಾಲಯದವರು ಹೊಸ ಯಂತ್ರ ತರುವುದೋ ಹಳೆಯದನ್ನೇ ರಿಪೇರಿ ಮಾಡಿಸುವುದೋ ಎಂದು ಬಂದರು. ವಿಜ್ಞಾನವೋ ವಾಣಿಜ್ಯವೋ ಎಂದು ಹುಡುಗರು ಬಂದರು, ಅವರ ಹಿಂದೆ ಅಪ್ಪಂದಿರು ಬಂದರು. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿಂದು ಕೈ ತೊಳೆದು, "ಹಳಹಳಿ ಕೇಳಿ ಹೇಳ್ತೀವ್ರಿ" ಎನ್ನುವುದು ರೂಢಿಯಾಯಿತು. ಆರು ತಿಂಗಳ ಮೇಲೆ ನಮ್ಮ ಕೇಂದ್ರದಿಂದಲೇ ಫೋನ್ ಮಾಡಿ, ಮಾಡಿದ್ದಕ್ಕೆ ಹಳಹಳಿ ಇದೆಯೇ ಎಂದು ವಿಚಾರಿಸುತ್ತಿದ್ದೆವು. ನೂರರಲ್ಲಿ ತೊಂಬತ್ತಮೂರು ಮಂದಿ ಇಲ್ಲ ಅನ್ನುತ್ತಿದ್ದರು. ಆ ತೊಂಬತ್ತಮೂರನ್ನು ನಾನು ಎಷ್ಟು ಸಭೆಗಳಲ್ಲಿ, ಎಷ್ಟು ಜಂಬದಿಂದ ಹೇಳಿದ್ದೇನೋ ಲೆಕ್ಕವಿಲ್ಲ.

ಅಂಥ ಯಂತ್ರ ನಮ್ಮ ಮನೆಯ ವಿಷಯಕ್ಕೆ ಬಂದಾಗ ಹೀಗೆ ಎರಡು ನಾಲಿಗೆ ಮಾಡಿದರೆ ತಲೆ ಕೆಡದೆ ಇರುತ್ತದೆಯೇ?

ಅವತ್ತು ಸಂಜೆ ಬೆಟಗೇರಿಯ ಅಣ್ಣನ ಮನೆಯಲ್ಲಿ ನಾವಿಬ್ಬರೂ ಜಗಳಾಡಿದೆವು. ಜಗಳವೆಂದರೆ ದನಿ ಎತ್ತಿ ಅಲ್ಲ, ಪಿಸುಮಾತಿನಲ್ಲಿ. ಏಕೆಂದರೆ ಅವ್ವ ಅಲ್ಲೇ ಪಡಸಾಲೆಯಲ್ಲಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ಅವಳಿಗೆ ನಾವು ಹೇಳಿದ್ದು ಎದೆಯಲ್ಲಿ ಸ್ವಲ್ಪ ಗ್ಯಾಸ್ ಆಗಿದೆ ಎಂದು. ನಮ್ಮ ಕಡೆ ಕಾಯಿಲೆಯವರಿಗೆ ಕಾಯಿಲೆ ಹೇಳುವುದಿಲ್ಲ. ಅವರು ಧೈರ್ಯಗೆಡುತ್ತಾರೆ ಎಂದು ಆಚೀಚೆ ಮನೆಯವರಿಗೆಲ್ಲ ಹೇಳಿ, ಅವರೊಬ್ಬರಿಗೆ ಮಾತ್ರ ಬಿಟ್ಟುಬಿಡುತ್ತೇವೆ.

"ಏನೂ ಆಗಲಿಕ್ಕಿಲ್ಲ ಅಂತ ಕರಕೊಂಡು ಹೋಗಿ, ಅಲ್ಲೇ ಏನರ ಆದ್ರ? ಹೂಂ ಅಂದಾಂವ ನಾ ಅಲ್ಲೇನು? ಜೀವಮಾನ ಪೂರ್ತಿ ನಿದ್ದಿ ಹತ್ತೂದಿಲ್ಲ ನನಗ," ಅಂದ ಅಣ್ಣ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಗಂಟಲೊಳಗೇ.

"ಮಾಡಿಸದ ಬಿಟ್ಟು, ಆಕಿ ಉಸಿರಿಗೆ ಒದ್ದಾಡೂದು ನೋಡ್ಕೋತ ಕೂಡೂದು ನನ್ನ ಕೈಲಾಗೂದಿಲ್ಲ."

"ನೀ ಧಾರವಾಡದಾಗ ಇರಾಕಿ. ನೋಡಾಂವ ನಾನು."

ಕೇಂದ್ರದ ಕೆಲಸಕ್ಕೆ ಗದಗಿಗೆ ಬಂದು ಹೋಗುವವಳೇ ಹೊರತು ನನ್ನ ಮನೆ ಧಾರವಾಡದಲ್ಲೇ ಆದ್ದರಿಂದ ಆ ಮಾತು ನನಗೆ ಚುಚ್ಚಿತು. ಚುಚ್ಚಲಿ ಎಂದೇ ಆಡಿದ್ದ. ಅಣ್ಣನ ಹೆಂಡತಿ, ನಮ್ಮ ವೈನಿ, ಒಲೆಯ ಮೇಲಿನ ಸಾರು ತಿರುವುತ್ತ ಇಬ್ಬರನ್ನೂ ನೋಡಿದರು. ಪಡಸಾಲೆಯಿಂದ ಅವ್ವ, "ಎಷ್ಟ್ ಸುಲೀಲಿ ಬಳ್ಳೊಳ್ಳಿ?" ಎಂದು ಕೂಗಿ ಕೇಳಿದಳು. "ಸಾಕ್ರಿ ಅತ್ತಿ," ಅಂದರು ವೈನಿ.

ಮರುದಿನ ಕೇಂದ್ರಕ್ಕೆ ಹೋಗಿ ನಮ್ಮ ಮುಖ್ಯಸ್ಥರಾದ ಕಟ್ಟಿ ಸರ್ ಅವರಿಗೆ ಎಲ್ಲ ಹೇಳಿದೆ. ಅವರು ತಾವೇ ಟೊಪ್ಪಿಗೆ ಹಾಕಿಕೊಂಡು ಕೂತರು. ಯಂತ್ರ ಸರಿ ಇದೆಯೋ ನೋಡಲು ಅವರು ಕೇಳುವ ಪ್ರಶ್ನೆ ಒಂದೇ. ಹಳೆಯ ಸ್ಕೂಟರ್ ಮಾರುವುದೋ ಇಟ್ಟುಕೊಳ್ಳುವುದೋ. ಪ್ರತಿ ಸಲವೂ ಮಾರಿದರೆ ತೊಂಬತ್ತು ದಾಟುತ್ತದೆ. ಅವತ್ತೂ ದಾಟಿತು.

"ಮಿಷನ್ ಬರೋಬ್ಬರಿ ಅದ ಕಸ್ತೂರಿಯವರ," ಅಂದರು ಟೊಪ್ಪಿಗೆ ಕಳಚುತ್ತ. "ನಿಮ್ಮಣ್ಣಾರ ಹಳಹಳಿ ಅವರಿಗೆ, ನಿಮ್ಮ ಹಳಹಳಿ ನಿಮಗ. ಎರಡೂ ಖರೇನ."

"ಹಂಗಾದ್ರ ನಾ ಏನ್ ಮಾಡ್ಲಿರಿ?"

ಅವರು ಗಡ್ಡ ಕೆರೆದುಕೊಂಡರು. "ಮನಿಮಂದೀದೆಲ್ಲಾ ಕೂಡಿಸಿ ಭಾಗಿಸಿದ್ರ ಹೆಂಗ?"

ಕೂಡಿಸಿ ಭಾಗಿಸಿದೆವು. ಮಾಡಿಸಿದರೂ ಬಿಟ್ಟರೂ ಹೆಚ್ಚುಕಡಿಮೆ ಒಂದೇ ಆಯಿತು. ಅರ್ಧ ಆಪರೇಷನ್ ಮಾಡಿಸಲು ಬರುವಂತಿದ್ದರೆ ಆ ಉತ್ತರ ಉಪಯೋಗಕ್ಕೆ ಬರುತ್ತಿತ್ತು. ನನಗೆ ಕಟ್ಟಿ ಸರ್ ಮೇಲೆ, ಯಂತ್ರದ ಮೇಲೆ, ಅಣ್ಣನ ಮೇಲೆ ಒಟ್ಟಿಗೆ ಸಿಟ್ಟು ಬಂತು. ಹೊರಗೆ ಬಂದು ಕಾಯುವವರ ಬೆಂಚಿನ ಮೇಲೆ ಕೂತುಬಿಟ್ಟೆ.

ಎರಡು ವರ್ಷಗಳಲ್ಲಿ ನಾನು ಆ ಬೆಂಚಿನ ಮೇಲೆ ಕೂತದ್ದು ಅದೇ ಮೊದಲು. ನಮ್ಮ ಓಡಾಟವೆಲ್ಲ ಒಳಗೆ, ಪರದೆಗಳ ಮುಂದೆ. ಪಕ್ಕದಲ್ಲಿ ಒಬ್ಬ ಹುಡುಗಿ ಮಡಿಲಲ್ಲಿ ದೊಡ್ಡ ಚೀಲ, ಕೈಯಲ್ಲಿ ಯಾರದೋ ಚಷ್ಮಾದ ಡಬ್ಬಿ ಹಿಡಿದುಕೊಂಡು ಕೂತಿದ್ದಳು. ಕೊರಳಲ್ಲಿ ಹೊಸ ತಾಳಿ. ಮಾತಿಗೆ ಮಾತು ಬರಲಿ ಎಂದು, ಏನು ಕೇಳಲು ಬಂದಿದ್ದೀರಿ ಎಂದೆ.

"ನೌಕರಿ ಬಂದೈತ್ರಿ ಬೀದರಿಗೆ. ನರ್ಸಂತ. ಹೋಗೂದೋ ಬ್ಯಾಡೋ ಅಂತ ಕೇಳಾಕತ್ತಾರ್ರಿ."

"ಯಾರಿಗೆ ಬಂದೈತಿ ನೌಕರಿ?"

"ನನಗರಿ."

"ಒಳಗ ಕುಂತಾರು ಯಾರು?"

"ನಮ್ಮ ಮಾವಾರ್ರಿ."

"ನೀವ್ಯಾಕ ಕೂಡಲಿಲ್ಲ?"

"ಮೊದಲ ನಾನ ಕುಂತಿದ್ನಿರಿ. ಹದಾ ಬರಲಿಲ್ಲಂತ. ದೊಡ್ಡಾರು ಯಾರರ ಬರ್ರಿ ಅಂದ್ರು ಒಳಗಿನಾರು." ಅವಳು ಅದನ್ನು ದೂರು ಹೇಳುವ ಹಾಗೆ ಹೇಳಲಿಲ್ಲ. ಬಸ್ಸು ತಡವಾಯಿತು ಅನ್ನುವಷ್ಟು ಸಾಧಾರಣವಾಗಿ ಹೇಳಿದಳು.

ಹದ ಎಂದರೇನು ಎಂಬುದನ್ನು ಇಲ್ಲಿ ಹೇಳದೆ ನಿರ್ವಾಹವಿಲ್ಲ. ಒಬ್ಬೊಬ್ಬರ ತಲೆಯಲ್ಲಿ ಕೊರಗು ಒಂದೊಂದು ರೀತಿ ಏಳುತ್ತದೆ. ಅದಕ್ಕೆ ಯಂತ್ರ ಮೊದಲು ಆ ತಲೆಯ ಗುರುತು ಹಿಡಿಯಬೇಕು. ಟೊಪ್ಪಿಗೆ ಹಾಕಿದ ಕೂಡಲೇ, ನೀವೇ ಸ್ವತಃ ಮಾಡಿದ ನಿರ್ಧಾರಗಳನ್ನು ಒಂದೊಂದಾಗಿ ನೆನೆಸಿಕೊಂಡು ಹೇಳಿ ಎನ್ನುತ್ತೇವೆ. ಒಳ್ಳೆಯದಾದದ್ದು, ಕೆಟ್ಟದಾದದ್ದು, ಯಾವುದಾದರೂ ಸರಿ, ಕಡೇಪಕ್ಷ ಐದಾದರೂ ಬೇಕು. ಅದೇ ಹದ. ಊರಿನ ದೊಡ್ಡವರಿಗೆ ಇದು ಸುಲಭ. ನಿಲ್ಲಿಸಿ ಅಂದರೂ ನಿಲ್ಲಿಸುತ್ತಿರಲಿಲ್ಲ. ಕೆಲವರಿಗೆ ಮಾತ್ರ ಐದು ಕೂಡುತ್ತಿರಲಿಲ್ಲ. ಜನ ವಾಪಸು ಹೋಗುವುದು ಬೇಡವೆಂದು, ಹಾಗಾದಾಗ ಮನೆಯಿಂದ ಇನ್ನೊಬ್ಬರನ್ನು ಕೂರಿಸುವ ಏರ್ಪಾಡು ಮೊದಲ ತಿಂಗಳಲ್ಲೇ ಆಗಿತ್ತು. ಆಮೇಲಾಮೇಲೆ ಜನರೇ ಅದನ್ನು ಕಲಿತರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೇರವಾಗಿ ಮನೆಯ ಹಿರಿಯರೇ ಒಳಗೆ ಬರತೊಡಗಿದರು. ಹರಕೆಗೆ, ಮಾತುಕತೆಗೆ, ಕೋರ್ಟು ಕಚೇರಿಗೆ ಅವರೇ ಹೋಗುವವರಲ್ಲವೇ, ಇದಕ್ಕೂ ಅವರೇ ಬಂದರೆ ಯಾರಿಗೂ ವಿಚಿತ್ರ ಕಾಣಲಿಲ್ಲ. ನಮಗೂ ಕಾಣಲಿಲ್ಲ, ಅದೇ ಸೋಜಿಗ.

ಒಳಗಿನಿಂದ ಮಾವನವರು ಬಂದರು. ಚಷ್ಮಾ ಡಬ್ಬಿಗೆ ಕೈ ಚಾಚುತ್ತ, "ಹೋದ್ರ ಹಳಹಳಿ ಭಾಳ ಬಂತವ್ವಾ, ಎಂಬತ್ತಾರು," ಅಂದರು. ಪಾಪ, ಕೆಟ್ಟ ಮನುಷ್ಯನಲ್ಲ. ನಿಜವಾಗಿಯೂ ಮರುಕದಿಂದಲೇ ಹೇಳಿದರು. ಹುಡುಗಿ ಆಗಲಿ ಎಂದು ಚೀಲ ಎತ್ತಿಕೊಂಡಳು. ಎಂಬತ್ತಾರು ಯಾರದು ಎಂದು ಅವಳು ಕೇಳಲಿಲ್ಲ.

ಓಡಿಹೋಗಿ ಕಟ್ಟಿ ಸರ್ ಮುಂದೆ ನಿಂತೆ. "ಸರ್, ಆರು ತಿಂಗಳಾದ ಮ್ಯಾಲೆ ಫೋನ್ ಮಾಡ್ತೀವಲ್ರಿ, ಹಳಹಳಿ ಇಲ್ಲ ಅನ್ನೋರು ಯಾರು?"

"ಕುಂತು ಕೇಳಿದಾವ್ರು. ಅವರ ನಂಬರ್ ಅಲ್ಲೇನು ನಮ್ಮ ಹತ್ತರ ಇರೋದು." ಹೇಳಿ ಮುಗಿಸುವಷ್ಟರಲ್ಲಿ ಅವರಿಗೂ ಹೊಳೆಯಿತು. ಮುಖದ ಕಳೆ ಇಳಿಯಿತು. "ತೊಂಬತ್ತಮೂರು ಸುಳ್ಳಲ್ಲ," ಅಂದರು. ಆಮೇಲೆ, "ಖರೇನೂ ಅಲ್ಲ," ಅಂದರು. ನಾವಿಬ್ಬರೂ ಅದಕ್ಕಿಂತ ಹೆಚ್ಚಿನದೇನನ್ನೂ ಅವತ್ತು ಕಂಡುಹಿಡಿಯಲಿಲ್ಲ.

ಭಾನುವಾರ ಕೇಂದ್ರಕ್ಕೆ ರಜೆ. ಬೀಗ ತೆಗೆಸಿ ಅವ್ವನನ್ನು ಕರೆದುಕೊಂಡು ಬಂದೆ. ಅಣ್ಣನೂ ಬಂದ. ಕೋಣೆಯೊಳಗೆ ಕಾಲಿಟ್ಟವನೇ ಅಭ್ಯಾಸಬಲದಿಂದ ಹೋಗಿ ಕುರ್ಚಿಯ ಮೇಲೆ ಕೂತ. ಏಳಣ್ಣ ಎಂದು ನಾನು ಅನ್ನುವವರೆಗೆ ತಾನು ಕೂತದ್ದೇ ಅವನಿಗೆ ಗೊತ್ತಿರಲಿಲ್ಲ.

ಅವ್ವ ಕೂತಳು. ಟೊಪ್ಪಿಗೆ ಹಾಕುವಾಗ ಕಿವಿಯ ಓಲೆ ತೆಗೆಯಬೇಕೇ ಎಂದು ಕೇಳಿದಳು. ಬೇಡ ಅಂದೆ.

"ಅವ್ವಾ, ನೀನ ಸ್ವತಃ ವಿಚಾರ ಮಾಡಿ, ಹಿಂಗ ಮಾಡೂದು ಅಂತ ಮಾಡಿದ್ದು ಒಂದೊಂದ ನೆನಪ ಮಾಡ್ಕೊಂಡು ಹೇಳು."

"ಎಂಥಾದ್ದು?"

"ಯಾವುದರ. ಮದುವಿ?"

"ಅದು ನಮ್ಮಪ್ಪ ಮಾಡಿದ್ದು. ನಾ ಹಿತ್ತಲದಾಗ ಆಡಾಕತ್ತಿದ್ದೆ."

"ನಮ್ಮ ಹೆಸರು ಇಟ್ಟಿದ್ದು?"

"ನಿಮ್ಮಜ್ಜಿ."

"ಬೆಟಗೇರಿ ಮನಿ ಕಟ್ಟಿಸಿದ್ದು?"

"ನಿಮ್ಮಪ್ಪ. ಬಾಗಲಾ ಯಾವ ಕಡೆ ಅಂತ ಕೇಳಿದ್ದಿಲ್ಲ, ಕಟ್ಟಿದ ಮ್ಯಾಲೆ ನೋಡಿದೆ." ಅವ್ವ ನಕ್ಕಳು.

"ಸೀರಿ?"

"ಅಂಗಡಿಂದ ಎರಡ ತರ್ತಿದ್ರು, ಒಂದು ನನಗ, ಒಂದು ನಿಮ್ಮ ಸೋದರತ್ತಿಗೆ. ಆಕಿ ತಗೊಂಡು ಉಳಿದದ್ದು ನಂದು. ಚಲೋನ ಇರ್ತಿದ್ವು."

"ಅಡಗಿ? ಅದರ ನಿಂದಲ್ಲೇನು?"

"ಏನ್ ಮಾಡ್ಲಿ ಅಂತ ಕೇಳಿ ಮಾಡ್ತಿದ್ದೆ. ಈಗ ನಿಮ್ಮ ವೈನಿ ನಿಮ್ಮಣ್ಣನ್ನ ಕೇಳ್ತಾಳ."

ಅಣ್ಣ ಕೆಮ್ಮಿದ. ನನಗೆ ಏನು ಅನ್ನಿಸುತ್ತಿದೆ ಎಂದು ನನಗೇ ತಿಳಿಯದಾಯಿತು. ಅವ್ವ ದುಃಖದಿಂದ ಹೇಳಿದ್ದರೆ ಅಳಬಹುದಿತ್ತು. ಅವಳು ಮಜವಾಗಿ ಹೇಳುತ್ತಿದ್ದಳು. ಪರದೆಯ ಮೇಲೆ ಗೆರೆ ನೆಲ ಬಿಟ್ಟು ಏಳಲಿಲ್ಲ. ಇದು ಸುಖವೋ, ಖಾಲಿಯೋ, ಯಂತ್ರಕ್ಕೆ ಅರ್ಥವಾಗದ್ದೋ?

"ಒಂದೂ ಇಲ್ಲೇನವ್ವಾ?"

ಅವ್ವ ಕಣ್ಣು ಮುಚ್ಚಿಕೊಂಡು ಕೂತಳು. ಆಮೇಲೆ ಸಣ್ಣ ದನಿಯಲ್ಲಿ, "ಒಂದೈತಿ. ಅಣ್ಣಿಗೇರಿಗೆ ಬಸ್ಸಿನಾಗ ಒಬ್ಬಾಕೀನ ಹೊಂಟಿದ್ದೆ, ನೀ ಹುಟ್ಟಿದ್ದಿಲ್ಲ. ನಡುವ ಬಸ್ ನಿಂತಾಗ ಕಬ್ಬಿನ ಹಾಲಿನ ಗಾಣ ಕಾಣ್ತು. ಇಳದಬಿಟ್ಟೆ. ಬಸ್ ಹೋತು. ಹೋಗ್ಲಿ ಅಂತ ಅಲ್ಲೇ ನಿಂತು ಕುಡದು, ಮುಂದಿನ ಬಸ್ಸಿಗೆ ಹೋದೆ. ತಡಾ ಯಾಕಾತು ಅಂದ್ರು. ಬಸ್ ಕೆಟ್ಟಿತ್ತು ಅಂದೆ."

ಗೆರೆ ಎದ್ದಿತು. ಅಷ್ಟು ಚಂದದ ಗೆರೆಯನ್ನು ಆ ಪರದೆಯ ಮೇಲೆ ನಾನು ನೋಡಿರಲಿಲ್ಲ.

"ಹಳಹಳಿ ಆತೇನು?"

"ಆತು. ಇನ್ನೊಂದು ಗ್ಲಾಸ್ ಕುಡೀಬೇಕಿತ್ತು."

ಮತ್ತೆ ಎಷ್ಟು ಕೇಳಿದರೂ ಇನ್ನೊಂದು ಬರಲಿಲ್ಲ. ಹದ ಕೂಡಲಿಲ್ಲ ಎಂದು ಯಂತ್ರ ತನ್ನ ಮಾಮೂಲು ಮಾತು ತೋರಿಸಿ ಸುಮ್ಮನಾಯಿತು. ಅಣ್ಣ ನಿಟ್ಟುಸಿರು ಬಿಟ್ಟು, "ಏಳವ್ವಾ, ನಾ ಮತ್ತೊಮ್ಮಿ ಕೂಡ್ತೀನಿ," ಎಂದು ಮುಂದೆ ಬಂದ.

"ನೀ ಕುಂತ್ರ ಏನ್ ಬರ್ತೈತಿ? ಈ ಮಿಷನ್ ಏನ್ ಕೇಳಾಕ ತಂದೀರಿ ನನ್ನ?" ಅಂದಳು ಅವ್ವ. ಏಳಲಿಲ್ಲ.

ನಾನು ಅಣ್ಣನನ್ನು ನೋಡಿದೆ. ಅವನು ನೆಲ ನೋಡಿದ. ಹೇಳಿಬಿಟ್ಟೆ. ಕವಾಟ, ಆಪರೇಷನ್, ಟೇಬಲ್ ಮೇಲಿನ ಭಯ, ಮಾಡಿಸದಿದ್ದರೆ ಏನು, ಎಲ್ಲವನ್ನೂ ಹೇಳಿದೆ. ಅವ್ವ ನಡುವೆ ಬಾಯಿ ಹಾಕದೆ ಕೇಳಿದಳು.

"ಗ್ಯಾಸ್ ಅಲ್ಲಂತ ನನಗ ಗೊತ್ತಿತ್ತು," ಅಂದಳು ಕೊನೆಗೆ. "ಎದಿ ಅಂದ್ರ ಎಷ್ಟ್ ಅಗಲ ಕೊಯ್ತಾರ?"

ತೋರಿಸಿದೆ. ಎಷ್ಟು ದಿನ ಮಲಗಬೇಕು, ಮಲಗಿದಾಗ ಯಾರು ಎತ್ತಿ ಕೂರಿಸುತ್ತಾರೆ, ಆಮೇಲೆ ಮೆಟ್ಟಿಲು ಹತ್ತಬಹುದೇ, ಮಾಡಿಸದಿದ್ದರೆ ಕೊನೆಗೆ ಹೇಗಿರುತ್ತದೆ, ನೋವೋ ಉಸಿರೋ ಎಂದು ಅವಳು ಒಂದೊಂದಾಗಿ ಕೇಳಿದಳು. ನಾನು ಡಾಕ್ಟರನ್ನು ಕೇಳದೇ ಇದ್ದ ಪ್ರಶ್ನೆಗಳೂ ಅದರಲ್ಲಿದ್ದವು. ಅವರಿಗೆ ಅಲ್ಲಿಂದಲೇ ಫೋನ್ ಮಾಡಿ ಕೇಳಿ ಹೇಳಿದೆ.

"ನೀ ಏನಂತಿ?" ಎಂದು ನನ್ನನ್ನು ಕೇಳಿದಳು.

"ಮಾಡಿಸ್ಕೋ ಅವ್ವಾ. ಕಾಲಿಗೆ ಬೀಳ್ತೀನಿ."

"ನೀ?" ಎಂದು ಅಣ್ಣನ ಕಡೆ ತಿರುಗಿದಳು.

"ನನಗ ಅಂಜಿಕಿ ಆಗ್ತೈತವ್ವಾ."

"ಆತು. ನಾಳೆತನಕಾ ಇಬ್ಬರೂ ಸುಮ್ನಿರ್ರಿ," ಎಂದು ತಾನೇ ಟೊಪ್ಪಿಗೆ ತೆಗೆದಿಟ್ಟಳು.

ಆ ಸಂಜೆ ಮನೆಯಲ್ಲಿ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಅವ್ವ ಮುಂಬಾಗಿಲಿನ ಕಟ್ಟೆಯ ಮೇಲೆ ಕೂತಿದ್ದಳು. ಊಟಕ್ಕೆ ಕರೆದರೆ, ತಡೀರಿ ಅಂದಳು. ಅಣ್ಣ ಎರಡು ಸಲ ಬಾಗಿಲವರೆಗೆ ಹೋಗಿ ತಿರುಗಿ ಬಂದ. ಅವಳಿಗೆ ಹೇಳಿದ್ದೇ ತಪ್ಪಾಯಿತೇನೋ, ಅಷ್ಟು ಭಾರದ್ದನ್ನು ಒಂದೇ ಏಟಿಗೆ ಅವಳ ಮೇಲೆ ಹೊರಿಸಿದೆನೇನೋ ಎಂದುಕೊಳ್ಳುತ್ತ, ಹಾಕಿದ ತಟ್ಟೆಗಳನ್ನು ಮತ್ತೆ ಎತ್ತಿಟ್ಟೆ. ಅವಳು ಅಳುತ್ತಿರಲಿಲ್ಲ. ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುತ್ತಲೂ ಇರಲಿಲ್ಲ. ಅಷ್ಟು ಹೊತ್ತು ಅವ್ವ ಕೈಯಲ್ಲಿ ಕೆಲಸವಿಲ್ಲದೆ ಕೂತದ್ದನ್ನು ನಾನು ಕಂಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಫೋನ್ ಬಂತು. ಅಣ್ಣ ಎತ್ತಿಕೊಂಡು ಹಲೋ ಅಂದನೋ ಇಲ್ಲವೋ, ಅವ್ವ ಕೈ ಚಾಚಿದಳು. ಅವನು ಕೊಟ್ಟ. ಸ್ಪೀಕರಿನಲ್ಲಿ ಒಬ್ಬ ಹುಡುಗಿಯ ದನಿ, ಚೆನ್ನವ್ವ ಅವರ ಬೆಡ್ಡು ಕಾಯ್ದಿರಿಸಬೇಕೇ ಎಂದು ಕೇಳಿತು.

"ನಾನ ಚೆನ್ನವ್ವ. ಬ್ಯಾಡವಾ. ನಾ ಎದಿ ಕೊಯ್ಸಿಕೊಳ್ಳೂದಿಲ್ಲ. ಗುಳಿಗಿ ಏನು ತಗೋಬೇಕು ಅದನ್ನ ಡಾಕ್ಟರು ಬರದ ಕೊಡ್ಲಿ, ತಗೋತೀನಿ."

"ಅಮ್ಮಾ, ಮನೆಯವರು ಯಾರಾದ್ರೂ ಇದ್ರೆ ಫೋನ್ ಕೊಡಿ," ಅಂದಿತು ದನಿ.

"ನಾನ ಮನಿಯಾಕಿ."

"ಹಾಗಲ್ಲಮ್ಮಾ. ಪೇಶಂಟ್ ಗಾಬರೀಲಿ ಬೇಡ ಅಂತಾರೆ, ಅದನ್ನ ನಾವು ಬರ್ಕೊಳ್ಳೋಕಾಗಲ್ಲ. ಮಗನೋ ಮಗಳೋ ಹೇಳ್ಬೇಕು."

ಅಣ್ಣ ಕೈ ಮುಂದೆ ಮಾಡಿದ. ಬೇಡ ಎಂದು ಹೇಳಲು ಅವನಿಗೇನು ಕಷ್ಟ? ಅವ್ವ ಫೋನನ್ನು ಅವನ ಕೈಗೆ ಕೊಡಲಿಲ್ಲ. ಅವನನ್ನು ದಾಟಿ ಬಂದು ನನ್ನ ಕೈಗೆ ಕೊಟ್ಟಳು. ಕೊಟ್ಟು ನನ್ನ ಮುಖವನ್ನೇ ನೋಡುತ್ತ ನಿಂತಳು.

"ಹಲೋ, ಹೇಳಿ ಮೇಡಂ. ಅಡ್ಮಿಟ್ ಮಾಡೋದಾ?"

ಮಾಡಿಕೊಳ್ಳಿ ಅಂದರೆ ಸಾಕಿತ್ತು. ಆ ದನಿ ಬರೆದುಕೊಳ್ಳುತ್ತಿತ್ತು, ಅಣ್ಣ ಎರಡು ದಿನ ಮುನಿಸಿಕೊಳ್ಳುತ್ತಿದ್ದ, ಅವ್ವ ಇಷ್ಟು ವರ್ಷ ಬಂದ ಹಾಗೆಯೇ ಬಂದು ಕಾರಿನಲ್ಲಿ ಕೂರುತ್ತಿದ್ದಳು. ಬದುಕುತ್ತಲೂ ಇದ್ದಳೇನೋ. ಬದುಕಿದರೆ ಅದೇ ದೊಡ್ಡದಲ್ಲವೇ? ಬದುಕಿದ ಮೇಲೆ ಯಾರು ಹೇಳಿದ್ದು ಎಂದು ಯಾರು ಕೇಳುತ್ತಾರೆ? ನಾಲಿಗೆಯ ತುದಿಗೆ ಬಂದಿತ್ತು. ಅವ್ವ ಕಣ್ಣು ಕದಲಿಸಲಿಲ್ಲ. ಬೇಡಿಕೊಳ್ಳಲೂ ಇಲ್ಲ.

"ಅವ್ವ ಹೇಳಿದ್ದ ಖರೇರಿ," ಅಂದೆ. "ಆಕೀದ ಬರಕೊಳ್ರಿ."

ಆ ಕಡೆಯ ದನಿ ಇನ್ನೂ ಏನೋ ಕೇಳುತ್ತಿತ್ತು. ನನಗೆ ಕೇಳಿಸಲಿಲ್ಲ. ಅಳು ಒತ್ತಿಕೊಂಡು ಬಂತು. "ನನಗ ಒಪ್ಪಿಗಿ ಇಲ್ಲವ್ವಾ, ಒಂದ್ ಚೂರೂ ಇಲ್ಲ," ಎಂದು ಅಳುತ್ತಲೇ ಹೇಳಿದೆ.

"ಇರ್ಲಿ ಬಿಡು," ಅಂದಳು ಅವ್ವ. "ಫೋನ್ ಇಡು ಮೊದಲ. ಆ ಹುಡುಗಿಗೆ ಎಲ್ಲಾ ಕೇಳಸಾಕತ್ತೈತಿ."